ಪಾರ್ಟಿ ಎಂದರೆ ಯಾವ ಪಾರ್ಟಿ, ಸರ್?

(ಕೊನೆಯ ವರ್ಷದ ವಿದ್ಯಾರ್ಥಿಗಳು ಮತ್ತು ಕೆಲವು ಪೋಷಕರ ಮುಂದೆ ಕಾಲೇಜೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಮೈಕು ಕೈಕೊಟ್ಟಾಗ ಹೇಳಿದ್ದು ಹಿಂದಿನ ಸಾಲಿನವರಿಗೆ ಕೇಳಿಸಿರಲಿಕ್ಕಿಲ್ಲ; ಅದನ್ನು ಸೇರಿಸಿದ್ದೇನೆ.)

ಪರಿಚಯ ಮಾಡಿಕೊಟ್ಟ ಪ್ರಾಧ್ಯಾಪಕರು ನನ್ನನ್ನು ‘ಮನುಷ್ಯರನ್ನು ಓದಬಲ್ಲವರು’ ಎಂದರು. ಪೀಣ್ಯದ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ದುಡಿದದ್ದು ನಿಜ. ಅಲ್ಲಿ ನಾನು ಓದಿದ್ದು ಹಾಜರಿ ಪುಸ್ತಕ, ರಜೆ ಅರ್ಜಿ, ಆಗಾಗ ಬರುತ್ತಿದ್ದ ಮೂಗರ್ಜಿ. ಮನುಷ್ಯರನ್ನು ಓದುವ ಕೆಲಸವನ್ನು ನಾವು ದುಡ್ಡು ಕೊಟ್ಟು ಹೊರಗಿನವರಿಂದ ಮಾಡಿಸುತ್ತಿದ್ದೆವು. ಆ ದುಡ್ಡಿಗೆ ಬಂದದ್ದೇನು ಎಂಬುದೇ ಇವತ್ತಿನ ಮಾತು.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಕಾಲೇಜಿಗೆ ಕ್ಯಾಂಪಸ್ ಆಯ್ಕೆಗೆಂದು ಹೋಗಿದ್ದೆ. ಕಂಪ್ಯೂಟರ್ ಲ್ಯಾಬಿನಲ್ಲಿ ಅರವತ್ತು ಮಕ್ಕಳು. ಪರದೆಯ ಮೇಲೆ ಒಂದೊಂದೇ ವಾಕ್ಯ ಬರುತ್ತದೆ, ಅದರ ಕೆಳಗೆ ಐದು ಸೊನ್ನೆಗಳು. ಎಡಗಡೆಯದು ‘ಸ್ವಲ್ಪವೂ ಒಪ್ಪುವುದಿಲ್ಲ’, ಬಲಗಡೆಯದು ‘ಪೂರ್ತಿ ಒಪ್ಪುತ್ತೇನೆ’. ಒಂದು ವಾಕ್ಯ ಹೀಗಿತ್ತು: ‘ಪಾರ್ಟಿಗೆ ಜೀವ ತುಂಬುವ ವ್ಯಕ್ತಿ ನಾನು.’ ವಾಕ್ಯ ಇದ್ದದ್ದು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಮೂರನೆಯ ಸಾಲಿನಲ್ಲಿ ಕುಳಿತಿದ್ದ ಚಾಮರಾಜನಗರದ ಕಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. “ಪಾರ್ಟಿ ಎಂದರೆ ಯಾವ ಪಾರ್ಟಿ, ಸರ್?”

ಲ್ಯಾಬಿನಲ್ಲಿ ನಗು ಎದ್ದಿತು. ನಾನೂ ನಕ್ಕೆ. ಆದರೆ ಯೋಚಿಸಿ ನೋಡಿ, ಅವಳ ಊರಿನಲ್ಲಿ ಪಾರ್ಟಿ ಎಂದರೆ ಒಂದೋ ಬಾವುಟ ಇರುವ ಪಾರ್ಟಿ, ಇಲ್ಲವೇ ಸಂಜೆ ಗಂಡಸರು ಬೈಕು ಹತ್ತಿ ಡಾಬಾಕ್ಕೆ ಹೋಗಿ ಮಾಡುವ ಪಾರ್ಟಿ. ಎರಡರಲ್ಲಿ ಯಾವುದಕ್ಕೂ ‘ಜೀವ ತುಂಬುತ್ತೇನೆ’ ಎಂದು ಅವಳು ಒಪ್ಪಿಕೊಳ್ಳುವಂತಿರಲಿಲ್ಲ. ಪ್ರಶ್ನೆಯನ್ನು ಬಿಡಿಸಿ ಹೇಳಬಾರದೆಂದು ನಮಗೆ ಕೊಟ್ಟಿದ್ದ ಕೈಪಿಡಿಯಲ್ಲೇ ಬರೆದಿತ್ತು. “ನಿಮಗೆ ಹೇಗೆ ಅರ್ಥವಾಗುತ್ತದೋ ಹಾಗೆ ಉತ್ತರಿಸಿ” ಎಂದೆ. ಅವಳು ಎಡತುದಿಯ ಸೊನ್ನೆಯನ್ನು ಒತ್ತಿದಳು. ಅಂಥ ಇನ್ನೂ ಹತ್ತಾರು ಸೊನ್ನೆಗಳು ಸೇರಿ, ನಾಲ್ಕು ದಿನದ ಮೇಲೆ ಬಂದ ವರದಿಯಲ್ಲಿ ಅವಳ ಹೆಸರಿನ ಎದುರು ‘ಜನರೊಡನೆ ಬೆರೆಯುವ ಪ್ರವೃತ್ತಿ ಕಡಿಮೆ’ ಎಂದಿತ್ತು. ನಾವು ಹುಡುಕುತ್ತಿದ್ದದ್ದು ಗ್ರಾಹಕರ ಬಳಿ ಹೋಗಿ ಯಂತ್ರ ಸರಿಮಾಡುವ ಎಂಜಿನಿಯರುಗಳನ್ನು. ಅವಳನ್ನು ಸಂದರ್ಶನಕ್ಕೆ ಕರೆಯಲಿಲ್ಲ. ಅರವತ್ತು ಜನರ ಕೋಣೆಯಲ್ಲಿ ಧೈರ್ಯವಾಗಿ ಕೈ ಎತ್ತಿ ಕೇಳಿದವಳು ಅವಳೊಬ್ಬಳೇ ಎಂಬುದು ನನಗೆ ಹೊಳೆದದ್ದು ಬೆಂಗಳೂರಿಗೆ ವಾಪಸಾದ ಮೇಲೆ. ಹೊಳೆದರೂ ಬಾಯಿ ಬಿಡಲಿಲ್ಲ. ಪಟ್ಟಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಆ ವಾಕ್ಯ ಯಾವುದೋ ಕಂಪನಿಯ ಗುಟ್ಟಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿಸ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು ಯಾರು ಬೇಕಾದರೂ ಉಚಿತವಾಗಿ ಬಳಸಲೆಂದು ಕೂಡಿಟ್ಟ ವಾಕ್ಯಗಳ ಕಣಜದಲ್ಲಿ ಅದೂ ಒಂದು ಕಾಳು. ವಿಜ್ಞಾನದ ದೃಷ್ಟಿಯಿಂದ ಒಳ್ಳೆಯ ಕಣಜವೇ. ಅದನ್ನು ತಂದು ಯಾವ ಹೊಲದಲ್ಲಿ ಬಿತ್ತುತ್ತಿದ್ದೇವೆ ಎಂದು ನಾವು ನೋಡಿರಲಿಲ್ಲ, ಅಷ್ಟೇ.

ನಾನು ಈ ಪರೀಕ್ಷೆಗಳ ವಿರೋಧಿ ಎಂದುಕೊಳ್ಳಬೇಡಿ. ಪರೀಕ್ಷೆ ಬರೆದವರ ಕೈಯಲ್ಲೇ ವರದಿ ಉಳಿದರೆ ಅದರಿಂದ ಒಂದಿಷ್ಟು ಉಪಯೋಗವಿದೆ. ಅದೇ ವರದಿ ಸಿಬ್ಬಂದಿ ವಿಭಾಗದ ಬೀರು ಸೇರಿದ ಮೇಲೆ ಬೇರೆಯೇ ಕೆಲಸ ಶುರುಮಾಡುತ್ತದೆ. ನನ್ನ ಜಗಳ ಆ ಬೀರುವಿನ ಜೊತೆ.

ಇದೆಲ್ಲ ಆರಂಭವಾದದ್ದು ಯುದ್ಧದಲ್ಲಿ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ, ಷೆಲ್ ಸಿಡಿತಕ್ಕೆ ಮನಸ್ಸು ಕುಸಿಯಬಹುದಾದ ಸೈನಿಕರನ್ನು ಮೊದಲೇ ಗುರುತಿಸಬೇಕಿತ್ತು. ಒಬ್ಬೊಬ್ಬರನ್ನೂ ಕೂರಿಸಿ ಮಾತನಾಡಿಸಲು ವೈದ್ಯರು ಎಲ್ಲಿಂದ ಬರಬೇಕು? ಕೊಲಂಬಿಯಾ ವಿಶ್ವವಿದ್ಯಾಲಯದ ರಾಬರ್ಟ್ ವುಡ್‌ವರ್ತ್ ಹೌದು–ಇಲ್ಲ ಎಂದು ಉತ್ತರಿಸುವ ನೂರಕ್ಕೂ ಮಿಕ್ಕಿದ ಪ್ರಶ್ನೆಗಳ ಹಾಳೆ ಸಿದ್ಧಪಡಿಸಿದರು. ನಿದ್ದೆ ಚೆನ್ನಾಗಿ ಬರುತ್ತದೆಯೇ, ಈ ಥರದ್ದು. ಅದು ಬಳಕೆಗೆ ಬರುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಹಾಳೆ ಮಾತ್ರ ಉಳಿಯಿತು. ವೈದ್ಯರಿಗೆ ಪುರುಸೊತ್ತಿಲ್ಲದ್ದಕ್ಕೆ ಹುಟ್ಟಿದ ಉಪಾಯ ಇದು ಎಂಬುದನ್ನು ನೆನಪಿಡಿ. ಇವತ್ತು ಪುರುಸೊತ್ತಿಲ್ಲದವರು ಮ್ಯಾನೇಜರುಗಳು.

ನೀವೆಲ್ಲ ಮೊಬೈಲಿನಲ್ಲಿ ಒಮ್ಮೆಯಾದರೂ ಆಡಿರುವ, ಸ್ವಭಾವಕ್ಕೆ ನಾಲ್ಕಕ್ಷರದ ಹೆಸರಿಡುವ ಪರೀಕ್ಷೆ, ಎಂಬಿಟಿಐ, ಅದರ ಕಥೆ ಇನ್ನೂ ಸ್ವಾರಸ್ಯದ್ದು. ಅದನ್ನು ಕಟ್ಟಿದವರು ತಾಯಿ ಮತ್ತು ಮಗಳು: ಕ್ಯಾಥರಿನ್ ಬ್ರಿಗ್ಸ್, ಇಸಬೆಲ್ ಬ್ರಿಗ್ಸ್ ಮೈಯರ್ಸ್. ಇಬ್ಬರೂ ಮನಶ್ಶಾಸ್ತ್ರ ಕಲಿತವರಲ್ಲ. ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ ಮನುಷ್ಯ ಸ್ವಭಾವದ ಬಗೆಗಳ ಕುರಿತು 1921ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥ 1923ರಲ್ಲಿ ಇಂಗ್ಲಿಷಿಗೆ ಬಂದಾಗ ತಾಯಿ ಅದಕ್ಕೆ ಮರುಳಾದರು. ಮಗಳು ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಗೆದ್ದಿದ್ದವರು. ಎರಡನೇ ಮಹಾಯುದ್ಧದಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕಾರ್ಖಾನೆಗಳಿಗೆ ನುಗ್ಗುತ್ತಿದ್ದಾಗ, ಅವರವರ ಸ್ವಭಾವಕ್ಕೆ ಒಗ್ಗುವ ಕೆಲಸ ಸಿಕ್ಕರೆ ಜಗಳ ಕಡಿಮೆಯಾದೀತು ಎಂದು ಇಸಬೆಲ್‌ಗೆ ಅನ್ನಿಸಿತು. ಫಿಲಡೆಲ್ಫಿಯಾದ ಬ್ಯಾಂಕೊಂದರ ಸಿಬ್ಬಂದಿ ಅಧಿಕಾರಿ ಎಡ್ವರ್ಡ್ ಹೇ ಅವರ ಬಳಿ ಕೆಲಸ ಕಲಿತು, ಪ್ರಶ್ನೆಗಳನ್ನು ಒಂದೊಂದಾಗಿ ಹೊಸೆದರು. ಇಪ್ಪತ್ತು ವರ್ಷ ಗೇಯ್ದ ಮೇಲೆ 1962ರಲ್ಲಿ ಒಂದು ದೊಡ್ಡ ಪರೀಕ್ಷಾ ಸಂಸ್ಥೆ ಅದನ್ನು ಪ್ರಕಟಿಸಿತು. ಆ ಹೆಂಗಸಿನ ಹಟವನ್ನು ನಾನು ಮೆಚ್ಚುತ್ತೇನೆ. ಮನಶ್ಶಾಸ್ತ್ರದ ಪದವಿ ಇಲ್ಲದವರು ಮಾಡಿದ್ದು ಎಂದು ಹೀಯಾಳಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ತೊಂದರೆ ಇರುವುದು ಗೆರೆ ಎಳೆದ ಜಾಗದಲ್ಲಿ. ಈ ಸಭಾಂಗಣದಲ್ಲಿರುವವರನ್ನೆಲ್ಲ ಎತ್ತರದ ಮೇಲೆ ಎರಡು ಗುಂಪು ಮಾಡುತ್ತೇನೆ ಎಂದುಕೊಳ್ಳಿ. ಐದೂವರೆ ಅಡಿಗಿಂತ ಮೇಲಿನವರು ‘ಉದ್ದ’, ಕೆಳಗಿನವರು ‘ಗಿಡ್ಡ’. ಐದು ಅಡಿ ಐದೂ ಮುಕ್ಕಾಲು ಅಂಗುಲದವನು ಗಿಡ್ಡ, ಅವನಿಗಿಂತ ಅರ್ಧ ಅಂಗುಲ ಹೆಚ್ಚಿರುವವನು ಉದ್ದ. ಬೆಳಿಗ್ಗೆ ಅಳೆದರೆ ಒಂದು ಗುಂಪು, ಸಂಜೆ ಅಳೆದರೆ ಇನ್ನೊಂದು. ಹೆಚ್ಚಿನ ಜನ ನಡುಮಟ್ಟದವರು, ಗೆರೆಯ ಅಕ್ಕಪಕ್ಕದಲ್ಲೇ ಇರುವವರು. ಅಂತರ್ಮುಖಿ–ಬಹಿರ್ಮುಖಿ ಎಂಬ ವಿಂಗಡಣೆಯೂ ಹೀಗೆಯೇ. ಇಂಥ ಗೆರೆಗಳು ನಾಲ್ಕು, ಒಟ್ಟು ಹದಿನಾರು ಡಬ್ಬಿಗಳು. ನಾನು ಎರಡು ಸಲ ಬರೆದೆ. ಮೊದಲ ಸಲ ಬಹಿರ್ಮುಖಿ ಎಂದು ಬಂತು. ಎರಡನೆಯ ಸಲ ಬರೆದದ್ದು ಬೋನಸ್ ಮಾತುಕತೆ ಮುರಿದುಬಿದ್ದ ವಾರ, ಅಂತರ್ಮುಖಿಯಾದೆ. ನನ್ನ ಹೆಂಡತಿಗೆ ತೋರಿಸಿದಾಗ, “ಎರಡೂ ಸರಿಯಾಗಿಯೇ ಇದೆ, ಒಂದು ಕಚೇರಿಯದು, ಒಂದು ಮನೆಯದು” ಎಂದಳು.

ಇನ್ನೊಂದು ವಿಚಾರ ಹೆಚ್ಚಿನವರಿಗೆ ಗೊತ್ತಿಲ್ಲ. ನೌಕರಿಗೆ ಆಯ್ಕೆ ಮಾಡಲು ಈ ಪರೀಕ್ಷೆಯನ್ನು ಬಳಸಬಾರದು ಎಂದು ಅದನ್ನು ಮಾರುವ ಕಂಪನಿಯೇ ಹೇಳುತ್ತದೆ. ಔಷಧದ ಶೀಶೆಯ ಮೇಲೆ ‘ಕುಡಿಯುವುದಕ್ಕಲ್ಲ’ ಎಂದು ಬರೆದಿದ್ದರೂ ಕುಡಿಸುವ ಜನ ನಾವು.

ಹಾಗಾದರೆ ಓದಿದವರೆಲ್ಲ ‘ಅಯ್ಯೋ, ಇದು ನಾನೇ’ ಎಂದು ಏಕೆ ಬೆರಗಾಗುತ್ತಾರೆ? ಅದಕ್ಕೆ ಉತ್ತರ ನಮ್ಮೂರಿನ ಬುಡಬುಡಿಕೆಯವನ ಹತ್ತಿರ ಇದೆ. ಬೆಳಗಿನ ಜಾವ ಬಾಗಿಲ ಮುಂದೆ ನಿಂತು, ಹಾಲಕ್ಕಿ ನುಡಿಯಿತೆಂದು ಅವನು ಹೇಳುತ್ತಿದ್ದದ್ದು ಏನು? ‘ಯಜಮಾನರ ಮನಸ್ಸು ಹಾಲಿನಂಥದ್ದು. ಯಾರಿಗೂ ಕೇಡು ಬಯಸಿದವರಲ್ಲ. ಉಪಕಾರ ಮಾಡಿದ ಕಡೆಯೇ ಅಪವಾದ ಬಂದಿದೆ. ಕೈಗೆ ಬಂದ ದುಡ್ಡು ನಿಲ್ಲುತ್ತಿಲ್ಲ.’ ನಮ್ಮ ಅಜ್ಜಿ ಕಣ್ಣೊರೆಸಿಕೊಂಡು ಮೊರದ ತುಂಬ ರಾಗಿ ಹಾಕುತ್ತಿದ್ದರು. ಪಕ್ಕದ ಮನೆಯಲ್ಲೂ ಅವನು ಅದನ್ನೇ ಹೇಳಿದ್ದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಅಜ್ಜಿಗೆ ಅದರಿಂದ ಏನೂ ಅನ್ನಿಸುತ್ತಿರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲಿ ಇದೇ ಕೆಲಸವನ್ನು ತರಗತಿಯಲ್ಲಿ ಮಾಡಿದರು. 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ವಾರದ ಮೇಲೆ ಒಬ್ಬೊಬ್ಬರಿಗೂ ‘ನಿಮ್ಮದೇ’ ವರದಿ ಎಂದು ಹಂಚಿ, ಎಷ್ಟು ನಿಖರವಾಗಿದೆ ಎಂದು ಐದಕ್ಕೆ ಅಂಕ ಕೊಡಿ ಎಂದರು. ಸರಾಸರಿ 4.26 ಬಂತು. ಎಲ್ಲರ ಕೈಯಲ್ಲಿದ್ದದ್ದು ಒಂದೇ ವರದಿ. ಹೆಚ್ಚಿನ ವಾಕ್ಯಗಳನ್ನು ಅವರು ಎತ್ತಿಕೊಂಡದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ.

ನಮ್ಮ ಕಾರ್ಖಾನೆಗೆ ಬಂದದ್ದು ನಾಲ್ಕು ಬಣ್ಣದ ಪರೀಕ್ಷೆ. ನಂದಿಬೆಟ್ಟದ ದಾರಿಯ ರೆಸಾರ್ಟೊಂದರಲ್ಲಿ ಎರಡು ದಿನದ ಶಿಬಿರ. ಕೆಂಪು ಎಂದರೆ ಮುನ್ನುಗ್ಗುವವರು, ಹಳದಿ ಎಂದರೆ ಮಾತುಗಾರರು, ಹಸಿರು ಎಂದರೆ ಸಮಾಧಾನಿಗಳು, ನೀಲಿ ಎಂದರೆ ಲೆಕ್ಕಾಚಾರದವರು. ಇಂಥ ನಾಲ್ಕು ಬಗೆಯ ಪರೀಕ್ಷೆಗಳಲ್ಲಿ ಹೆಸರುವಾಸಿಯಾದದ್ದು ಡಿಸ್ಕ್. ಅದರ ಹಿಂದಿನ ಸಿದ್ಧಾಂತವನ್ನು 1928ರಲ್ಲಿ ಮುಂದಿಟ್ಟವರು ವಿಲಿಯಂ ಮೌಲ್ಟನ್ ಮಾರ್ಸ್ಟನ್. ರಕ್ತದೊತ್ತಡ ನೋಡಿ ಸುಳ್ಳು ಪತ್ತೆ ಮಾಡುತ್ತೇನೆಂದು ಹೊರಟಿದ್ದವರೂ ಅವರೇ, ಮುಂದೆ ವಂಡರ್ ವುಮನ್ ಎಂಬ ಚಿತ್ರಕಥೆಯ ನಾಯಕಿಯನ್ನು ಸೃಷ್ಟಿಸಿದವರೂ ಅವರೇ. ಶಿಬಿರದಲ್ಲಿ ಇದನ್ನು ಯಾರೂ ನಮಗೆ ಹೇಳಲಿಲ್ಲ. ಹೇಳಿದ್ದರೆ ಊಟದ ಹೊತ್ತಿಗೆ ಒಳ್ಳೆಯ ಮಾತುಕತೆಯಾಗುತ್ತಿತ್ತು.

ಮೊದಲ ದಿನ ಚೆನ್ನಾಗಿಯೇ ನಡೆಯಿತು. ಡಿಸೈನ್ ವಿಭಾಗದ ಮುಖ್ಯಸ್ಥರಿಗೂ ಉತ್ಪಾದನೆಯ ಮುಖ್ಯಸ್ಥರಿಗೂ ಮೂರು ವರ್ಷದಿಂದ ಮಾತಿರಲಿಲ್ಲ. ಅವತ್ತು ಒಬ್ಬರು ಇನ್ನೊಬ್ಬರಿಗೆ, “ನೀವು ಪ್ರತಿಸಲ ಇನ್ನೂ ಎರಡು ದಿನ ಬೇಕು ಎನ್ನುವುದು ಸೋಮಾರಿತನವೆಂದು ತಿಳಿದಿದ್ದೆ. ನಿಮಗೆ ಅಳತೆ ಸರಿಯಾಗುವ ತನಕ ನಿದ್ದೆ ಬರುವುದಿಲ್ಲ ಎಂದು ಗೊತ್ತಿರಲಿಲ್ಲ” ಎಂದದ್ದನ್ನು ನಾನೇ ಕೇಳಿದೆ. ಪರೀಕ್ಷೆ ಸುಳ್ಳೋ ನಿಜವೋ, ಆ ಮಾತು ಹೊರಬರಲು ಒಂದು ನೆಪ ಸಿಕ್ಕಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನಿವತ್ತು ಇಲ್ಲಿ ಬಂದು ನಿಲ್ಲುತ್ತಿರಲಿಲ್ಲ.

ಸೋಮವಾರ ವರದಿಗಳೆಲ್ಲ ನನ್ನ ಮೇಜಿಗೆ ಬಂದವು, ಅಲ್ಲಿಂದ ಬೀರುವಿಗೆ. ಲೆಕ್ಕಪತ್ರ ವಿಭಾಗದ ಒಬ್ಬ ತರುಣ ನೀಲಿ. ಎರಡು ವರ್ಷದ ಮೇಲೆ ಅವನು ಮಾರಾಟ ವಿಭಾಗಕ್ಕೆ ವರ್ಗ ಕೇಳಿದ. “ಅವನು ನೀಲಿ ಅಲ್ಲವೇ?” ಎಂದರು ಮೇಲಿನವರು. ಅರ್ಜಿ ಬಿತ್ತು. ಮತ್ತೆ ಕೇಳಿದ, ಮತ್ತೆ ನೀಲಿ. ಆ ಹುಡುಗ ಗಣೇಶನ ಹಬ್ಬಕ್ಕೆ ಇಡೀ ಬಡಾವಣೆಯ ಚಂದಾ ಎತ್ತುತ್ತಿದ್ದವನು. ಅಂಗಡಿಯವರು ಇವನ ಮುಖ ಕಂಡ ಕೂಡಲೇ ಕಿಸೆಗೆ ಕೈ ಹಾಕುತ್ತಿದ್ದರು. ಚಂದಾ ಎತ್ತುವುದಕ್ಕಿಂತ ಕಷ್ಟದ ಮಾರಾಟ ಯಾವುದಿದೆ? ಇದು ಯಾವ ವರದಿಯಲ್ಲೂ ಇರಲಿಲ್ಲ, ಏಕೆಂದರೆ ಯಾವ ಪ್ರಶ್ನೆಯೂ ಅದನ್ನು ಕೇಳಿರಲಿಲ್ಲ. ಕೊನೆಗೆ ಅವನು ಬೇರೆ ಕಂಪನಿಗೆ ಹೋದ, ಮಾರಾಟದ ಕೆಲಸಕ್ಕೇ.

ಈಗ ಸ್ವಲ್ಪ ಗಟ್ಟಿ ಸಂಗತಿ. ವಿಜ್ಞಾನಿಗಳು ಡಬ್ಬಿಗಳನ್ನು ಬಿಟ್ಟು ಅಳತೆಗೋಲುಗಳನ್ನು ಹಿಡಿದಿದ್ದಾರೆ. ಅದರ ಹಾದಿ ತೆರೆದದ್ದು ನಿಘಂಟಿನಿಂದ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ಎಂಬಿಬ್ಬರು ವೆಬ್‌ಸ್ಟರ್ ನಿಘಂಟನ್ನು ಮುಂದಿಟ್ಟುಕೊಂಡು ಮನುಷ್ಯರನ್ನು ಬಣ್ಣಿಸುವ 17,953 ಪದಗಳನ್ನು ಹೆಕ್ಕಿದರು. ಜನರಿಗೆ ಯಾವ ಗುಣ ಮುಖ್ಯವೋ ಅದಕ್ಕೆ ಭಾಷೆ ಹೆಸರಿಟ್ಟೇ ಇರುತ್ತದೆ ಎಂಬುದು ನಂಬಿಕೆ. ಮುಂದಿನವರು ದಶಕಗಳ ಕಾಲ ಸೋಸಿ ಸೋಸಿ ಐದು ಗುಣಗಳಿಗೆ ಇಳಿಸಿದರು: ಹೊಸತಕ್ಕೆ ತೆರೆದುಕೊಳ್ಳುವುದು, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಹೊಂದಾಣಿಕೆ, ಮನಸ್ಸಿನ ಕ್ಷೋಭೆ.

ಇಲ್ಲಿ ನನ್ನದೊಂದು ಆಸೆ ಇದೆ. 1894ರ ಕಿಟ್ಟೆಲ್ ನಿಘಂಟನ್ನು ಹಿಡಿದು ಯಾರಾದರೂ ಹೀಗೆಯೇ ಕೂತರೆ ಏನೇನು ಸಿಕ್ಕೀತು? ಗುಮ್ಮನಗುಸಕ, ಬಾಯಿಬಡುಕ, ಮುಂಗೋಪಿ, ಸೋಗಲಾಡಿ, ಮೈಗಳ್ಳ, ಜುಗ್ಗ. ಇವಕ್ಕೆಲ್ಲ ಇಂಗ್ಲಿಷಿನಲ್ಲಿ ಹೇಗೋ ಜೊತೆ ಹುಡುಕಬಹುದು. ‘ದಾಕ್ಷಿಣ್ಯ’ಕ್ಕೆ ಏನು ಮಾಡುತ್ತೀರಿ? ನಮ್ಮ ಶಾಪ್ ಫ್ಲೋರಿನ ಅರ್ಧ ಸಮಸ್ಯೆಗಳಿಗೆ ಆ ಒಂದು ಪದ ಸಾಕಾಗಿತ್ತು. ಒಬ್ಬ ಸೂಪರ್‌ವೈಸರ್ ಒಳ್ಳೆಯ ಕೆಲಸಗಾರ, ಜೋರು ದನಿಯವನು, ಯಂತ್ರದ ಮೇಲೆ ಹಿಡಿತ ಇರುವವನು. ಆದರೆ ತನ್ನೂರಿನವನು ಬಂದು ಮೂರನೆಯ ಶಿಫ್ಟಿನಲ್ಲಿ ರಜೆ ಕೇಳಿದರೆ ‘ಆಗುವುದಿಲ್ಲ’ ಎನ್ನಲು ಬಾಯಿ ಬರದು. ಐದು ಗುಣಗಳಲ್ಲಿ ಇದು ಯಾವುದು? ಹೊಂದಾಣಿಕೆ ಎನ್ನೋಣವೇ? ಅಪರಿಚಿತರ ಜೊತೆ ಅವನು ಕಟುಕ. ದಾಕ್ಷಿಣ್ಯ ಮನುಷ್ಯನ ಒಳಗೆ ಕೂತಿರುವ ಗುಣವಲ್ಲ. ಇಬ್ಬರ ನಡುವೆ ಇರುವಂಥದ್ದು, ಎದುರಿಗಿರುವವರು ಬದಲಾದರೆ ಅದೂ ಬದಲಾಗುತ್ತದೆ. ಸಂಕೋಚವೂ ಹಾಗೆಯೇ. ಹಿರಿಯರ ಮುಂದೆ ಕೇಳಿದಷ್ಟಕ್ಕೇ ಉತ್ತರಿಸಬೇಕು ಎಂದು ಕಲಿತು ಬಂದ ಮಗುವಿನ ಮೌನವನ್ನು ಸ್ವಭಾವವೆಂದು ಓದಿದರೆ, ನಾವು ಓದಿದ್ದು ಆ ಮಗುವಿನ ಮನೆಯ ಪಾಠವನ್ನು. ಅದೇ ಹುಡುಗನನ್ನು ಹಾಸ್ಟೆಲಿನ ಕೋಣೆಯಲ್ಲಿ ನೋಡಿ, ಮಾತು ನಿಲ್ಲಿಸುವುದೇ ಕಷ್ಟ.

ನಮ್ಮವರು ಈ ಎಚ್ಚರ ತೋರಿಸಿಲ್ಲವೆಂದಲ್ಲ. ಬುದ್ಧಿಶಕ್ತಿಯನ್ನು ಅಳೆಯುವ ಬಿನೆ ಪರೀಕ್ಷೆಯನ್ನು 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಭಾಷೆ ಬದಲಿಸಿ ಕೈತೊಳೆದುಕೊಳ್ಳದೆ, ಇಲ್ಲಿನ ಮಕ್ಕಳ ಮೇಲೆ ಪ್ರಯೋಗಿಸಿ, ಇಲ್ಲಿನ ಮಟ್ಟ ಯಾವುದೆಂದು ಕಂಡುಕೊಂಡರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಷ್ಟು ಹಿಂದೆಯೇ ಮನಶ್ಶಾಸ್ತ್ರ ವಿಭಾಗ ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. ಹೌದು, 1935ರಲ್ಲಿ ಮನೆಯಲ್ಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ಆರಂಭಿಸಿದವರೇ. ಆ ಪರಂಪರೆಯನ್ನು ಪಕ್ಕಕ್ಕಿಟ್ಟು ನಾವು ವಿಮಾನದಲ್ಲಿ ಬಂದ ಪ್ರಶ್ನೆಪತ್ರಿಕೆಯನ್ನು ಬಿಚ್ಚಿ ಹಾಗೆಯೇ ಹಂಚಿದೆವು.

ಸರಿ, ಐದು ಗುಣಗಳ ಪರೀಕ್ಷೆ ಕೆಲಸವನ್ನು ಎಷ್ಟರ ಮಟ್ಟಿಗೆ ಮುಂಗಾಣುತ್ತದೆ? 1991ರಲ್ಲಿ ಬ್ಯಾರಿಕ್ ಮತ್ತು ಮೌಂಟ್ ಎಂಬ ಸಂಶೋಧಕರು ಹಲವಾರು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ, ಎಲ್ಲ ಬಗೆಯ ಕೆಲಸಗಳಲ್ಲೂ ಒಂದಿಷ್ಟು ಲೆಕ್ಕಕ್ಕೆ ಬರುವ ಗುಣ ಕರ್ತವ್ಯನಿಷ್ಠೆ ಎಂದು ಕಂಡಿತು. ಇದನ್ನು ಕಂಡುಹಿಡಿಯಲು ಇಷ್ಟೆಲ್ಲ ಬೇಕಿತ್ತೇ ಎಂದು ನಮ್ಮ ಅಪ್ಪ ಕೇಳುತ್ತಿದ್ದರು. ‘ಒಂದಿಷ್ಟು’ ಎಂದರೆ ಎಷ್ಟು ಎಂಬುದು ಮುಖ್ಯ. ಪರೀಕ್ಷೆಯ ಅಂಕಕ್ಕೂ ಮಾಡುವ ಕೆಲಸಕ್ಕೂ ಪೂರ್ತಿ ತಾಳೆಯಾದರೆ 1, ಏನೂ ತಾಳೆಯಾಗದಿದ್ದರೆ 0 ಎಂಬ ಅಳತೆಯಲ್ಲಿ, 2022ರಲ್ಲಿ ಪ್ರಕಟವಾದ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರ ಲೆಕ್ಕದಂತೆ ಕರ್ತವ್ಯನಿಷ್ಠೆಗೆ ಸಿಕ್ಕಿದ್ದು 0.19. ಮೊದಲೇ ಪ್ರಶ್ನೆ ಗೊತ್ತುಮಾಡಿಕೊಂಡು ಎಲ್ಲರಿಗೂ ಅವನ್ನೇ ಕೇಳುವ ಸಂದರ್ಶನಕ್ಕೆ 0.42. ಸಂಖ್ಯಾಶಾಸ್ತ್ರ ಓದಿದವರು 0.19ರ ವರ್ಗ ಮಾಡಿ ನೋಡಿ. ಕೆಲಸಗಾರರ ನಡುವೆ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ ನಾಲ್ಕು ಪಾಲನ್ನೂ ಅದು ವಿವರಿಸುವುದಿಲ್ಲ. ಸಾವಿರಾರು ಜನರನ್ನು ತೆಗೆದುಕೊಳ್ಳುವ ಕಂಪನಿಗೆ ಇದರಿಂದ ಸ್ವಲ್ಪ ಲಾಭ ಆದೀತು. ಎದುರಿಗೆ ಕೂತಿರುವ ಒಬ್ಬ ಹುಡುಗಿಯ ಬಗ್ಗೆ ತೀರ್ಪು ಹೇಳಲು ಅದು ಸಾಲದು.

ಅದೂ ಎಲ್ಲರೂ ನಿಜ ಬರೆದರೆ. ನನ್ನ ಅಕ್ಕನ ಮಗ ಕಳೆದ ವರ್ಷ ಪರೀಕ್ಷೆಯ ಹಿಂದಿನ ರಾತ್ರಿ ಫೋನ್ ಮಾಡಿದ. “ಮಾವ, ‘ನಾನು ಯಾವತ್ತೂ ಸುಳ್ಳು ಹೇಳಿಲ್ಲ’ ಎಂದು ಬಂದರೆ ಹೌದು ಎನ್ನಲೋ ಇಲ್ಲ ಎನ್ನಲೋ?” ಹೌದು ಎಂದರೆ ಸುಳ್ಳುಗಾರ ಎಂದು ಸಿಕ್ಕಿಬೀಳುತ್ತೀಯ, ಅದು ಬೋನು ಎಂದೆ. “ಹಾಗಾದರೆ ‘ಸಹೋದ್ಯೋಗಿಗಳು ಕಚೇರಿಯ ಪೆನ್ನು ಮನೆಗೆ ಒಯ್ಯುವುದು ಸಾಮಾನ್ಯ’ ಎಂದರೆ?” ಅಲ್ಲಿ ಒಪ್ಪಬೇಡ ಎಂದೆ. ಮಾವ ಅಳಿಯ ಸೇರಿ ಅರ್ಧ ಗಂಟೆಯಲ್ಲಿ ಒಬ್ಬ ಆದರ್ಶ ನೌಕರನನ್ನು ತಯಾರು ಮಾಡಿದೆವು. ಇದು ಹೊಸದೇನಲ್ಲ. ಅಮೆರಿಕದ ಪತ್ರಕರ್ತ ವಿಲಿಯಂ ವೈಟ್ ಕಂಪನಿ ನೌಕರರ ಬದುಕಿನ ಕುರಿತು 1956ರಲ್ಲಿ ಬರೆದ ಪ್ರಸಿದ್ಧ ಪುಸ್ತಕದ ಕೊನೆಗೆ ಇಂಥ ಪರೀಕ್ಷೆಗಳಲ್ಲಿ ಮೋಸ ಮಾಡುವುದು ಹೇಗೆಂದು ಒಂದು ಅನುಬಂಧವನ್ನೇ ಸೇರಿಸಿದ್ದರು. ಅಪ್ಪ ಅಮ್ಮ ಇಬ್ಬರ ಮೇಲೂ ಪ್ರೀತಿ ಇತ್ತು, ಅಪ್ಪನ ಮೇಲೆ ಒಂದು ಗುಲಗಂಜಿ ಹೆಚ್ಚು, ಎಂದುಕೊಂಡು ಉತ್ತರಿಸಿ. ಹೆಂಡತಿ ಮಕ್ಕಳೆಂದರೆ ಇಷ್ಟ, ಆದರೆ ಕಂಪನಿಯ ಕೆಲಸಕ್ಕೆ ಅವರನ್ನು ಅಡ್ಡ ಬರಲು ಬಿಡುವುದಿಲ್ಲ ಎಂದುಕೊಳ್ಳಿ, ಈ ಧಾಟಿಯ ಸಲಹೆಗಳು.

ಇವೆಲ್ಲಕ್ಕಿಂತ ಗಂಭೀರವಾಗಿ ಸ್ವಭಾವ ಪರೀಕ್ಷೆ ನಡೆಸುವ ಜಾಗಗಳು ನಮ್ಮಲ್ಲೇ ಎರಡಿವೆ. ಸೇನೆಯ ಅಧಿಕಾರಿಗಳ ಆಯ್ಕೆಗೆ ಬೆಂಗಳೂರಿನಲ್ಲಿ, ವಾಯುಪಡೆಗೆ ಮೈಸೂರಿನಲ್ಲಿ. ಬ್ರಿಟಿಷ್ ಸೇನೆ 1942ರಲ್ಲಿ ರೂಪಿಸಿದ ಪದ್ಧತಿಯ ವಾರಸಿಕೆ ಅದು. ಒಂದು ಚಿತ್ರವನ್ನು ಮೂವತ್ತು ಸೆಕೆಂಡು ತೋರಿಸಿ ನಾಲ್ಕು ನಿಮಿಷದಲ್ಲಿ ಕಥೆ ಬರೆಯಿರಿ ಎನ್ನುತ್ತಾರೆ. ಕೊನೆಯ ಚಿತ್ರ ಖಾಲಿ ಪರದೆ. ಆಮೇಲೆ ಅರವತ್ತು ಪದಗಳು, ಒಂದೊಂದಕ್ಕೆ ಹದಿನೈದು ಸೆಕೆಂಡು. ಆಮೇಲೆ ಅರವತ್ತು ಸಂದರ್ಭಗಳು, ಅರ್ಧ ಗಂಟೆ. ಇಷ್ಟು ಬರೆಸಿ ಕಳಿಸಿಬಿಡುವುದಿಲ್ಲ. ಐದು ದಿನ ಉಳಿಸಿಕೊಂಡು, ಹಗ್ಗ ಹಲಗೆ ಕೊಟ್ಟು ಗುಂಪಿನಲ್ಲಿ ಅಡೆತಡೆ ದಾಟಿಸುತ್ತಾರೆ, ಒಬ್ಬರು ಸಂದರ್ಶನ ಮಾಡುತ್ತಾರೆ, ಮನಶ್ಶಾಸ್ತ್ರಜ್ಞರು ಬರಹ ಓದುತ್ತಾರೆ. ಬೇರೆ ಬೇರೆಯಾಗಿ ನೋಡಿದ ಮೂವರು ಕೊನೆಯ ದಿನ ಒಟ್ಟಿಗೆ ಕೂರುತ್ತಾರೆ. ಇದಕ್ಕೂ ಕೋಚಿಂಗ್ ತರಗತಿಗಳು ಹುಟ್ಟಿಕೊಂಡಿವೆ, ಸಿದ್ಧ ಕಥೆಗಳನ್ನು ಉರು ಹೊಡೆಸುತ್ತಾರೆ. ಹಾಗಿದ್ದರೂ ಹಾಳೆಯ ಮೇಲೆ ಧೈರ್ಯಶಾಲಿಯಾದವನು ಹಲಗೆಯ ಮೇಲೆ ಹೇಗಿರುತ್ತಾನೆ ಎಂದು ನೋಡುವ ಕಣ್ಣು ಅಲ್ಲಿದೆ. ನಮ್ಮ ಕಂಪನಿಗಳು ಇದರಲ್ಲಿ ಅಗ್ಗವಾದ ಭಾಗವನ್ನು ಮಾತ್ರ ಎತ್ತಿಕೊಂಡವು.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಅಮೆರಿಕದಲ್ಲಿ ಬಡ್ತಿಗೆ ಅರ್ಜಿ ಹಾಕಿದ ಮೂವರು ಸಹೋದರರಿಗೆ ಅವರ ಕಂಪನಿ ಎಂಎಂಪಿಐ ಎಂಬ ಪರೀಕ್ಷೆಯ 502 ಪ್ರಶ್ನೆಗಳನ್ನು ಕೊಟ್ಟಿತ್ತು. ಅದು ಮನೋರೋಗ ಗುರುತಿಸಲು ಆಸ್ಪತ್ರೆಗಾಗಿ ಮಾಡಿದ ಪರೀಕ್ಷೆ. 2005ರಲ್ಲಿ ಮೇಲ್ಮನವಿ ನ್ಯಾಯಾಲಯ ಇದು ವೈದ್ಯಕೀಯ ತಪಾಸಣೆಯೇ, ಬಡ್ತಿಗೆ ಬಳಸುವಂತಿಲ್ಲ ಎಂದಿತು. ನಮ್ಮಲ್ಲಿ 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಆರೋಪಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕೊಲೆ ಆರೋಪ ಹೊತ್ತವನು ‘ನನ್ನ ಮನಸ್ಸನ್ನು ಕೆದಕಬೇಡಿ’ ಎನ್ನಬಹುದು. ನೌಕರಿಗೆ ಬಂದವನೂ ಅನ್ನಬಹುದು. ನೌಕರಿ ಸಿಗುವುದಿಲ್ಲ, ಅಷ್ಟೇ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆಯಲ್ಲ ಎನ್ನುತ್ತೀರಿ. ಉದ್ಯೋಗದ ಉದ್ದೇಶಗಳಿಗೆ ಬಳಸುವಾಗ ಒಪ್ಪಿಗೆ ಬೇಕಿಲ್ಲದ ಸಂದರ್ಭಗಳನ್ನು ಆ ಕಾಯ್ದೆಯೇ ಇಟ್ಟುಕೊಂಡಿದೆ. ಬೀರುವಿನ ಬೀಗದ ಕೈ ಇನ್ನೂ ಮಾಲೀಕರ ಸೊಂಟದಲ್ಲೇ ಇದೆ.

ಮಾತು ಮುಗಿಸಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ವಿದ್ಯಾರ್ಥಿ ಕೇಳಿದ: “ಬರುವ ವಾರ ನಮಗೆ ಇಂಥದ್ದೇ ಪರೀಕ್ಷೆ ಇದೆ. ಬರೆಯುವುದೋ ಬೇಡವೋ?” ಬರೆಯಿರಿ. ಕೆಲಸ ಬೇಕಲ್ಲ. ಅರ್ಥವಾಗದ ಪದ ಬಂದರೆ ಕೈ ಎತ್ತಿ ಕೇಳಿ, ಯಾರು ನಕ್ಕರೂ ನಗಲಿ. ಮುಗಿದ ಮೇಲೆ ನಿಮ್ಮ ವರದಿಯ ಒಂದು ಪ್ರತಿ ಕೊಡಿ ಎಂದು ಮೇಲ್ ಬರೆಯಿರಿ. ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಬಡ್ತಿಯ ಹೊತ್ತಿಗೆ ಮತ್ತೆ ತೆರೆಯುತ್ತೀರಾ ಎಂದೂ ಕೇಳಿ. ಹೆಚ್ಚಿನವರು ಉತ್ತರಿಸುವುದಿಲ್ಲ. ಆದರೆ ಹತ್ತು ಮಂದಿ ಕೇಳಿದರೆ ನನ್ನಂಥ ಸಿಬ್ಬಂದಿ ಅಧಿಕಾರಿ ಮೇಲಿನವರ ಕೋಣೆಗೆ ಹೋಗಿ ‘ಕೇಳುತ್ತಿದ್ದಾರೆ ಸರ್, ಏನು ಹೇಳಲಿ’ ಎನ್ನಲೇಬೇಕಾಗುತ್ತದೆ. ನನ್ನನ್ನು ಆ ಇಪ್ಪತ್ತೇಳು ವರ್ಷಗಳಲ್ಲಿ ಒಬ್ಬರೂ ಕೇಳಲಿಲ್ಲ.

ಇನ್ನೊಂದು ಪ್ರಶ್ನೆ ಒಬ್ಬ ತಾಯಿಯದು. ಎಲ್ಲರೂ ಹೊರಟ ಮೇಲೆ ಮಗನನ್ನು ಕರೆದುಕೊಂಡು ಹತ್ತಿರ ಬಂದರು. “ಇವನು ಮಾತೇ ಆಡುವುದಿಲ್ಲ. ಎರಡು ಕಡೆ ಬೇಡ ಎಂದುಬಿಟ್ಟರು. ಇವನ ಸ್ವಭಾವ ಬದಲಾಯಿಸಲು ಏನಾದರೂ ತರಗತಿ ಇದೆಯೇ?” ಹುಡುಗ ಚಪ್ಪಲಿ ನೋಡುತ್ತ ನಿಂತಿದ್ದ. ಮನೆಯಲ್ಲಿ ಏನು ಮಾಡುತ್ತಾನೆ ಎಂದು ಕೇಳಿದೆ. “ಏನೂ ಇಲ್ಲ. ಪಂಪ್‌ಸೆಟ್ ಕೆಟ್ಟರೆ ಬಿಚ್ಚಿಕೊಂಡು ಕೂರುತ್ತಾನೆ, ನಮ್ಮದೂ ಅಕ್ಕಪಕ್ಕದವರದೂ” ಎಂದರು.

ಹೋದ ಸಲ ಕೆಟ್ಟದ್ದು ಏನಾಗಿತ್ತಪ್ಪ ಎಂದು ಹುಡುಗನನ್ನೇ ಕೇಳಿದೆ. “ಸ್ಟಾರ್ಟರ್ ಹಿಡಿಯುತ್ತಿರಲಿಲ್ಲ” ಎಂದ. ಯಾಕೆ? “ನೋ-ವೋಲ್ಟ್ ಕಾಯಿಲ್ ಸುಟ್ಟಿತ್ತು.” ಅದು ಯಾಕೆ ಸುಟ್ಟಿತು? ತಲೆ ಎತ್ತಿದ. ಎರಡೇ ಫೇಸ್ ಬರುತ್ತಿದ್ದದ್ದು, ದೊಡ್ಡಪ್ಪ ಬೆಳೆ ಒಣಗುತ್ತದೆಂದು ಕಂಡೆನ್ಸರ್ ಹಾಕಿಸಿ ಮೋಟಾರು ಓಡಿಸಿದ್ದು, ವೈಂಡಿಂಗ್ ಬಿಸಿಯಾಗುವ ವಾಸನೆ ತನಗೆ ಗದ್ದೆಯ ಬದುವಿನಿಂದಲೇ ಬಂದದ್ದು, ಓಡಿ ಹೋಗಿ ಫ್ಯೂಸ್ ಕಿತ್ತದ್ದು, ಇನ್ನು ಮೇಲೆ ಹಾಗೆ ಓಡಿಸಬಾರದೆಂದು ದೊಡ್ಡಪ್ಪನಿಗೆ ತಿಳಿಸಿ ಹೇಳಲು ಪಟ್ಟ ಪಾಡು, ಎಲ್ಲ ಹೇಳತೊಡಗಿದ. ಜವಾನ ಬಂದು ಕಿಟಕಿಗಳನ್ನೆಲ್ಲ ಮುಚ್ಚಿ, ಫ್ಯಾನು ಆರಿಸಿ, ಬೀಗ ಹಿಡಿದು ಬಾಗಿಲಲ್ಲಿ ನಿಂತ. ಹುಡುಗ ಆಗಷ್ಟೇ ಹೊಸ ಕಾಯಿಲ್ ತರಲು ಪೇಟೆಗೆ ಹೊರಟಿದ್ದ.